ನಿಶ್ಚಿತಾರ್ಥದ ರೊಟ್ಟಿ

ಆ ಸೋಮವಾರ ಬೆಳಿಗ್ಗೆ ಕುಮ್ರಿ ಅಂಗಳ ಗುಡಿಸಿ, ನೀರು ಚಿಮುಕಿಸಿ, ಪೊರಕೆಯನ್ನು ದ್ರಾಕ್ಷಿ ಚಪ್ಪರದ ಕಂಬಕ್ಕೆ ಒರಗಿಸಿ ಫೋನು ತೆಗೆದಳು. ಫೋನಿನ ನಕ್ಷೆಯಲ್ಲಿ ಮಾವನ ರೊಟ್ಟಿ ಅಂಗಡಿಯ ಹೆಸರಿನ ಕೆಳಗೆ ಹೊಸದಾಗಿ ಒಂದು ಚುಕ್ಕಿ ಬಿದ್ದಿತ್ತು. ಐದರಲ್ಲಿ ಒಂದೇ ಒಂದು. ಅದರ ಜೊತೆಗೊಂದು ವಿಡಿಯೊ.

ವಿಡಿಯೊದಲ್ಲಿ ಯಾರದೋ ಮನೆಯ ನಿಶ್ಚಿತಾರ್ಥ. ಗಂಡಿನ ಕಡೆಯವರು ತಂದ ಬುಟ್ಟಿ, ಮೇಲೆ ಮಿನುಗುವ ಪ್ಲಾಸ್ಟಿಕ್ ಹಾಳೆ, ಕೆಂಪು ರಿಬ್ಬನ್ನು. ಹಿರಿಯರು ಕೊಬ್ಬು ಹಾಕಿ ಪದರ ಪದರವಾಗಿ ಸುಟ್ಟ ಎರಡು ಪತೀರ್ ರೊಟ್ಟಿಗಳನ್ನು ಜೋಡಿಸಿ ಹಿಡಿದು, ದುವಾ ಹೇಳಿ ಮುರಿಯಬೇಕು. ಹಾಗೆ ಮುರಿದರೆ ಸಂಬಂಧ ಕೂಡಿದಂತೆ. ಆದರೆ ಹಾಳೆ ಬಿಚ್ಚುವಷ್ಟರಲ್ಲೇ ಮೇಲಿನ ರೊಟ್ಟಿ ನಡುವೆ ಸೀಳಿ ಎರಡು ಹೋಳಾಗಿ ಬಿತ್ತು. ಮುದುಕರೊಬ್ಬರ ಕೈ ಗಾಳಿಯಲ್ಲೇ ನಿಂತಿತು. ಯಾರೋ ಹೆಂಗಸು "ಅಯ್ಯೋ ದೇವರೇ" ಅಂದದ್ದೂ ಕೇಳಿಸುತ್ತಿತ್ತು. ಕೆಳಗೆ ಬರೆದಿದ್ದರು: "ಮುರಿಯುವ ಮೊದಲೇ ಮುರಿದ ರೊಟ್ಟಿ. ತಿಂಗಳು ತುಂಬುವುದರೊಳಗೆ ನನ್ನ ಮಗಳ ಸಂಬಂಧವೂ ಮುರಿಯಿತು. ಎರ್ಗಶ್ ಉಸ್ತಾನ ರೊಟ್ಟಿ ಒಯ್ಯುವ ಮುನ್ನ ಹೆಣ್ಣು ಹೆತ್ತವರು ಯೋಚಿಸಿ. ಮಾವ್ಲುದಾ."

ರೊಟ್ಟಿ ಯಾಕೆ ಸೀಳಿತೆಂದು ಮಾವನ ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ, ಕುಮ್ರಿಗೆ ಗೊತ್ತಿತ್ತು.

ಅಂಗಡಿಯನ್ನು ಫೋನಿಗೆ ಹತ್ತಿಸಿದವಳೇ ಅವಳು. ಮದುವೆಯಾಗಿ ಬಂದ ಹೊಸದರಲ್ಲಿ ರೊಟ್ಟಿಗಳ ಪಟ ತೆಗೆದು ಹಾಕಿದಳು. ಊರವರು ಉಸ್ತಾ, ಅಂದರೆ ಗುರು, ಎಂದು ಕರೆಯುವ ಮಾವ ಎರ್ಗಶ್ ನಕ್ಕಿದ್ದರು. "ರೊಟ್ಟೀನ ಮೂಗಿಂದ ಕೊಳ್ತಾರಮ್ಮ, ಕಣ್ಣಿಂದ ಅಲ್ಲ" ಅಂದಿದ್ದರು. ಎರಡು ವರ್ಷದಲ್ಲಿ ಇನ್ನೂರ ಹನ್ನೆರಡು ಜನ ಚುಕ್ಕಿ ಕೊಟ್ಟರು, ಹೆಚ್ಚಿನವರು ಐದಕ್ಕೆ ಐದು. ಕೋಕಂದಿನವರಷ್ಟೇ ಅಲ್ಲ, ಮರ್ಗಿಲಾನ್, ಫರ್ಗಾನಾ ಊರುಗಳಿಂದಲೂ ನಿಶ್ಚಿತಾರ್ಥದ ಬುಟ್ಟಿಗೆ ಹೇಳಿಕಳಿಸತೊಡಗಿದರು. ಆಮೇಲೆ ಉಸ್ತಾರೇ ದಿನಾ ಊಟಕ್ಕೆ ಕೂತಾಗ "ಇವತ್ತೆಷ್ಟು ಚುಕ್ಕಿ ಬಂತು?" ಅಂತ ಕೇಳುವ ಹಾಗಾಯಿತು. ಪಟದಲ್ಲಿ ಚೆಂದ ಕಾಣಲಿ ಎಂದು ಪ್ಲಾಸ್ಟಿಕ್ ಹಾಳೆ, ರಿಬ್ಬನ್ನು ಸುತ್ತುವುದನ್ನು ಶುರುಮಾಡಿದ್ದೂ ಅವಳೇ. ಉಸ್ತಾ ಒಂದೇ ಮಾತು ಹೇಳಿದ್ದರು, "ಆರಲಿ ಬಿಡು, ಆಮೇಲೆ ಸುತ್ತು." ಆ ವಿಡಿಯೊದ ಬುಟ್ಟಿ ಕಟ್ಟಿದ ದಿನ ಒಟ್ಟು ಏಳು ಹೋಗಬೇಕಿತ್ತು, ಕಾರಿನವನು ಹಾರನ್ ಬಾರಿಸುತ್ತಿದ್ದ. ಕುಮ್ರಿ ಬಿಸಿಬಿಸಿ ಪತೀರನ್ನೇ ಒಂದರ ಮೇಲೊಂದು ಇಟ್ಟು ಬಿಗಿಯಾಗಿ ಸುತ್ತಿಬಿಟ್ಟಳು. ಒಳಗಿನ ಹಬೆಗೆ ರೊಟ್ಟಿ ಬೆವೆತು, ಮೆತ್ತಗಾಗಿ, ತನ್ನ ಭಾರಕ್ಕೇ ಸೀಳಿದೆ. ಅಷ್ಟೇ ಆಗಿದ್ದು.

ಹೇಳಿಬಿಡೋಣವೇ ಅಂದುಕೊಂಡಳು. ಅಷ್ಟರಲ್ಲಿ ನಾದಿನಿ ಓಯ್ದಿನ್ ತನ್ನ ಫೋನು ಹಿಡಿದು ಓಡಿ ಬಂದಳು.

"ಅತ್ತಿಗೆ, ನೋಡಿದ್ರಾ? ನಮ್ ಕಾಲೇಜಿನ ಗುಂಪಲ್ಲೂ ಬಂದಿದೆ!"

ಬೆಳಗಿನ ಚಹಾ ಬಟ್ಟಲಲ್ಲೇ ಆರಿತು. ತಂದೂರಿನ ಮುಂದಿನಿಂದ ಉಸ್ತಾ, ಕುಮ್ರಿಯ ಗಂಡ ದಿಲ್ಮುರೋದ್ ಇಬ್ಬರೂ ಎದ್ದು ಬಂದು, ತೋಳಿಗೆಲ್ಲ ಹಿಟ್ಟು ಮೆತ್ತಿಕೊಂಡೇ ಕೂತು ವಿಡಿಯೊ ನೋಡಿದರು. ಉಸ್ತಾ ಮೂರು ಸಲ ನೋಡಿದರು.

"ರೊಟ್ಟಿ ನಮ್ದೇ" ಅಂದರು. "ನಡುವಿನ ಹೂವಿನ ಅಚ್ಚು ನಾನೇ ಒತ್ತಿದ್ದು."

"ಹಿಟ್ಟು ನಾದಿದೋರು ಯಾರು?" ಎಂದು ಮಗನ ಕಡೆ ತಿರುಗಿದರು.

"ನಾನೇ ಅಪ್ಪ. ದಿನಾ ನಾದೋ ಹಾಗೇ ನಾದಿದ್ದೆ."

"ದಿನಾ ನಾದೋ ಹಾಗೆ ನಾದಿದ್ರೆ ಹೀಗೆ ಬಿರಿಯಲ್ಲ. ಕೊಬ್ಬು ಕಮ್ಮಿ ಹಾಕಿದೀಯ."

"ಹಾಕಿದೀನಿ ಅಪ್ಪ!"

"ನನ್ನ ಮುಂದೆ ದನಿ ಎತ್ತಬೇಡ."

ಕುಮ್ರಿ ಚಹಾದ ಕೆಟಲು ಎತ್ತಿಕೊಂಡು ಒಳಗೆ ಹೋದಳು.

ಅತ್ತೆ ಹಮ್ರೋ ಆಪಾ ಇಂಥದ್ದಕ್ಕೆಲ್ಲ ಸುಮ್ಮನಿರುವ ಜಾತಿಯಲ್ಲ. ಸಂತೆಯಲ್ಲಿ ಇಪ್ಪತ್ತು ವರ್ಷ ರೊಟ್ಟಿ ಮಾರಿದ ಹೆಂಗಸು, ಬೈಗುಳಕ್ಕೆ ಬೈಗುಳ ಬಡ್ಡಿ ಸಮೇತ ಕೊಟ್ಟು ಗೊತ್ತಿದ್ದವರು. ಮಧ್ಯಾಹ್ನ ಕ್ಯಾರೆಟ್ ಹೆಚ್ಚುತ್ತಾ ಕೂತವರು ಚಾಕು ಕೆಳಗಿಟ್ಟರು.

"ಕುಮ್ರಿ, ತೆಗಿ ಫೋನು. ನಾ ಹೇಳ್ತೀನಿ, ನೀ ಬರಿ."

"ಅತ್ತೆ, ಒಂದೆರಡು ದಿನ ತಡೆದು, ಸಮಾಧಾನದಲ್ಲಿ..."

"ಸಮಾಧಾನ ಯಾವನಿಗೆ ಬೇಕು? ಬರಿ. 'ನಮ್ಮ ತಂದೂರಲ್ಲಿ ಮೂರು ತಲೆಮಾರಿನ ರೊಟ್ಟಿ ಬೆಂದಿದೆ, ಒಂದೂ ತಾನಾಗಿ ಮುರಿದಿಲ್ಲ. ಸಂಬಂಧ ಮುರಿಯೋದು ರೊಟ್ಟಿಯಿಂದಲ್ಲ. ಗಂಡಿನ ಕಡೆಯವರು ಯಾಕೆ ಬಿಟ್ಟು ಹೋದ್ರು ಅಂತ ಮಗಳನ್ನೇ ಕೇಳಿಕೋ.' ಬರೆದ್ಯಾ?"

ಕುಮ್ರಿಯ ಬೆರಳು ನಿಂತಿತು. "ಅತ್ತೆ, ಹುಡುಗಿ ವಿಷಯ ಬೇಡ. ಇದನ್ನ ಊರೆಲ್ಲಾ ಓದುತ್ತೆ."

"ಓದ್ಲಿ ಅಂತಾನೇ! ನೀನು ಈ ಮನೆ ಸೊಸೆನೋ, ಅವಳ ಮನೆ ಸೊಸೆನೋ?"

ಬರೆದಳು. ಸೊಸೆಯಾದವಳು ಅತ್ತೆಗೆ ಎರಡು ಸಲ ಇಲ್ಲ ಅನ್ನುವುದು ಆ ಬೀದಿಗೆ ಬಂದವರಿಗೆ ಗೊತ್ತಿಲ್ಲದ ವಿದ್ಯೆ. ಸಂತೆಯಲ್ಲಿ ಆಡಿದ ಮಾತು ಸಂತೆ ಮುಗಿಯುತ್ತಲೇ ಧೂಳಿನ ಜೊತೆ ಹೋಗುತ್ತದೆ. ಇದು ಹೋಗಲಿಲ್ಲ. ಸಂಜೆಯೊಳಗೆ ಮಾವ್ಲುದಾಳ ವಿಡಿಯೊಗಿಂತ ಹಮ್ರೋ ಆಪಾರ ಉತ್ತರವೇ ಹೆಚ್ಚು ಮನೆ ತಿರುಗಿತು. "ಒಬ್ಬ ಹೆಣ್ಣುಮಗಳ ಮಾನ ಬೀದಿಗೆ ಎಳೆದ ರೊಟ್ಟಿಯವರು" ಎಂದು ಗುರುತೇ ಇಲ್ಲದವರು ಬರೆದರು. ಅತ್ತೆಯ ಉತ್ತರವನ್ನು ಅಳಿಸಲು ಕುಮ್ರಿ ಹೊರಟಾಗ ಜನ ಆಗಲೇ ಅದರ ಪಟ ತೆಗೆದು ಹಂಚಿಕೊಂಡಿದ್ದರು. ಉರಿಯುವ ಬೆಂಕಿಗೆ ಕೈಯಾರೆ ತುಪ್ಪ ಸುರಿದ ಹಾಗಾಯಿತು.

ಆ ವಾರ ಹನ್ನೊಂದು ಬುಟ್ಟಿಯ ಆರ್ಡರುಗಳಲ್ಲಿ ಒಂಬತ್ತು ರದ್ದಾದವು. ಯಾರೂ ಜಗಳವಾಡಲಿಲ್ಲ, ಅದೇ ಕೆಟ್ಟದ್ದು. "ಕಾರ್ಯ ಮುಂದೆ ಹಾಕಿದೀವಿ ಅಮ್ಮ", "ಮನೇಲೇ ಮಾಡ್ಕೋತೀವಿ" ಎಂದು ಮೆತ್ತಗೆ ಹೇಳಿ ಇಟ್ಟುಬಿಡುತ್ತಿದ್ದರು. ದಿನದ ಸಾದಾ ರೊಟ್ಟಿಗೆ ಬೀದಿಯವರು ಬರುತ್ತಿದ್ದರು. ನಿಶ್ಚಿತಾರ್ಥಕ್ಕೆ ಮಾತ್ರ ಯಾರೂ ಇಲ್ಲ. ಮಗಳ ಬಾಳು ಎಂದಮೇಲೆ ಯಾರು ತಾನೇ ಪರೀಕ್ಷೆ ಮಾಡುತ್ತಾರೆ?

ಉಸ್ತಾರಿಗೆ ಆರ್ಡರಿಗಿಂತ ಬೇರೆಯದೇ ಚಿಂತೆ. ಓಯ್ದಿನ್‌ಗೆ ಸಂಬಂಧ ಕುದುರಿತ್ತು. ಹುಡುಗ ಒಳ್ಳೆಯವನು, ರೈಲ್ವೆಯಲ್ಲಿ ಕೆಲಸ. ಅವನ ತಾಯಿ ಸಬೋಹತ್ ಬಂದು ಹೆಣ್ಣು ನೋಡಿ, ಮೆಚ್ಚಿ, "ರೊಟ್ಟಿಗೆ ಬೇರೆ ಕಡೆ ಯಾಕೆ ಹೋಗ್ಲಿ ಉಸ್ತಾ, ನಿಮ್ಮಿಂದ್ಲೇ ಕೊಂಡು ನಿಮ್ಮ ಮನೆಗೇ ತರ್ತೀನಿ" ಎಂದು ನಕ್ಕು ಹೋಗಿದ್ದರು. ಊರಿನ ಸಾವಿರ ಹೆಣ್ಣುಮಕ್ಕಳ ನಿಶ್ಚಿತಾರ್ಥಕ್ಕೆ ರೊಟ್ಟಿ ಸುಟ್ಟ ಮನುಷ್ಯ. ತನ್ನ ಮಗಳದ್ದಕ್ಕೆ ತನ್ನ ಮನೆಯ ರೊಟ್ಟಿ ಮುರಿಯಬೇಕು ಅನ್ನುವುದು ಅವರ ಒಂದೇ ಆಸೆ. ಓಯ್ದಿನ್ ತೊಟ್ಟಿಲಲ್ಲಿದ್ದಾಗಿನಿಂದ ಹೇಳುತ್ತಿದ್ದರು.

"ಸಬೋಹತ್ ಏನಾದ್ರೂ ಅಂದ್ಲಾ?" ಎಂದು ದಿನಾ ಹೆಂಡತಿಯನ್ನು ಕೇಳುತ್ತಿದ್ದರು.

"ಏನೂ ಅಂದಿಲ್ಲ."

"ಫೋನ್ ಮಾಡಿದ್ಲಾ?"

"ಮಾಡಿಲ್ಲ. ಅದೇ ನಂಗೂ ಭಯ."

ಎರಡನೇ ವಾರ ಊಟದ ಹೊತ್ತಿಗೆ ಉಸ್ತಾ ಇದ್ದಕ್ಕಿದ್ದಂತೆ ತೊಡೆ ತಟ್ಟಿಕೊಂಡರು. "ಹಶರ್ ಮಾಡೋಣ!"

ಎಲ್ಲರೂ ತಲೆ ಎತ್ತಿದರು. ಹಶರ್ ಅಂದರೆ ಬೀದಿಯವರೆಲ್ಲ ಕೂಲಿಯಿಲ್ಲದೆ ಸೇರಿ ಒಬ್ಬನ ಮನೆ ಎಬ್ಬಿಸಿಕೊಡುವುದು, ಕಾಲುವೆ ಹೂಳು ತೆಗೆಯುವುದು. ಪಲಾವ್ ಹಾಕಿದರೆ ಆಯಿತು.

"ಗೋಡೆ ಬಿದ್ರೆ ಜನ ಬಂದು ಕಟ್ತಾರೆ. ಹೆಸ್ರು ಬಿದ್ರೆ ಕಟ್ಟಲ್ವಾ?" ಅಂದರು ಉಸ್ತಾ. "ಅವಳದ್ದು ಒಂದು ಚುಕ್ಕಿ. ನಮ್ಮ ಬೀದೀಲಿ ಎಷ್ಟು ಫೋನಿದೆ ಹೇಳು?"

ದಿಲ್ಮುರೋದ್ ತಲೆ ಕೆರೆದುಕೊಂಡ. "ಅಪ್ಪ, ಎಲ್ರೂ ಒಂದೇ ಸಲ ಬರೆದ್ರೆ ಅನುಮಾನ ಬರಲ್ವಾ?"

"ಯಾರಿಗೆ ಅನುಮಾನ? ನಮ್ಮ ರೊಟ್ಟಿ ತಿಂದೋರೇ ಬರೀತಾರೆ. ಸುಳ್ಳು ಬರೀತಾರಾ?"

ಅದೇನೋ ನಿಜವೇ. ತಪ್ಪು ತನ್ನದೇ ಇರುವಾಗ ಯಾರ ಉಪಾಯವನ್ನು ಕುಮ್ರಿ ಜರೆಯಬೇಕು?

ಶುಕ್ರವಾರದ ನಮಾಜು ಮುಗಿಸಿ ಅರವತ್ತು ಜನ ಬಂದರು. ಅಂಗಳದಲ್ಲಿ ದೊಡ್ಡ ಕಡಾಯಿ, ಹನ್ನೆರಡು ಕಿಲೊ ಅಕ್ಕಿ, ಕುರಿಮಾಂಸ. ಓಯ್ದಿನ್ ಮನೆಯ ಇಂಟರ್ನೆಟ್ಟಿನ ಗುಟ್ಟಿನ ಸಂಖ್ಯೆಯನ್ನು ರಟ್ಟಿನ ಮೇಲೆ ಬರೆದು ದ್ರಾಕ್ಷಿ ಚಪ್ಪರಕ್ಕೆ ನೇತುಹಾಕಿದಳು. ಒಂದು ಕೈಯಲ್ಲಿ ಪಲಾವ್, ಇನ್ನೊಂದರಲ್ಲಿ ಫೋನು.

"ಏನಂತ ಬರೀಬೇಕು ಹಮ್ರೋ?" ಎಂದು ಮುದುಕಿಯರು ಕೂಗಿದರು.

"'ಎರ್ಗಶ್ ಉಸ್ತಾನ ಕೈಗೆ ದೇವರು ಬರಕತ್ತು ಕೊಡಲಿ' ಅಂತ ಬರೀರಿ!"

ಹೆಚ್ಚಿನವರೆಲ್ಲ ಅದನ್ನೇ ಬರೆದರು. ಬರೆಯಲು ಬಾರದವರ ಫೋನನ್ನು ಓಯ್ದಿನ್ ತೆಗೆದುಕೊಂಡು ಬರೆದಳು. ಮೂಲೆಮನೆಯ ಟೈಲರು "ಪಲಾವ್ ಬಹಳ ಚೆನ್ನಾಗಿತ್ತು, ಕ್ಯಾರೆಟ್ ಸ್ವಲ್ಪ ಕಮ್ಮಿ" ಎಂದು ಬರೆದ. ಹಲ್ಲಿಲ್ಲದ ಹಸನ್ ತಾತ ಒಂದೇ ಚುಕ್ಕಿ ಒತ್ತಿ ಕೂತಿದ್ದರು. ಓಯ್ದಿನ್ ನೋಡಿ ತಲೆ ಚಚ್ಚಿಕೊಂಡಳು.

"ತಾತ, ಐದು ಒತ್ತಬೇಕು, ಒಂದಲ್ಲ!"

"ಯಾಕಮ್ಮ? ಒಂದು ಅಂದ್ರೆ ಮೊದಲ್ನೇ ದರ್ಜೆ ಅಲ್ವಾ?"

ಅಂಗಳವೆಲ್ಲ ನಕ್ಕಿತು. ಎರಡು ವಾರದಲ್ಲಿ ಮೊದಲ ಸಲ ಉಸ್ತಾ ಕೂಡ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಐವತ್ತೆಂಟು ಹೊಸ ಅಭಿಪ್ರಾಯ. ಕುಮ್ರಿ ಪಾತ್ರೆ ತೊಳೆಯುತ್ತಾ, ಇನ್ನು ಪರವಾಗಿಲ್ಲವೇನೋ, ತಾನು ಬಾಯಿ ಬಿಡದಿದ್ದರೂ ನಡೆದೀತೇನೋ ಅಂದುಕೊಂಡಳು.

ಭಾನುವಾರ ಫೋನು ತೆರೆದರೆ ಏನೂ ಇರಲಿಲ್ಲ. ಒಂದೇ ಮನೆಯಿಂದ, ಒಂದೇ ಹೊತ್ತಿನಲ್ಲಿ, ಒಂದೇ ವಾಕ್ಯ ಐವತ್ತಕ್ಕೂ ಹೆಚ್ಚು ಸಲ ಬಂದದ್ದನ್ನು ನೋಡಿ ಆ ನಕ್ಷೆಯವರ ಯಂತ್ರ ಎಲ್ಲವನ್ನೂ ಅಳಿಸಿತ್ತು. ಹೊಸದರ ಜೊತೆ ಹಳೆಯ ಇನ್ನೂರ ಹನ್ನೆರಡನ್ನೂ ಗುಡಿಸಿಹಾಕಿತ್ತು. ಅಂಗಡಿಯ ಹೆಸರಿನ ಮೇಲೆ ಹಳದಿ ಪಟ್ಟಿ: "ಈ ಅಂಗಡಿಗೆ ಸುಳ್ಳು ಅಭಿಪ್ರಾಯಗಳು ಬಂದಿರುವುದು ಪತ್ತೆಯಾಗಿದೆ." ಅದರ ಕೆಳಗೆ ಉಳಿದಿದ್ದು ಒಂದೇ, ಮಾವ್ಲುದಾಳದ್ದು.

"ನಿಜವಾದ್ದನ್ನೂ ತೆಗೆದ್ರಾ?" ಉಸ್ತಾ ನಂಬಲಿಲ್ಲ. "ಮರ್ಗಿಲಾನಿನ ಆ ಡಾಕ್ಟರಮ್ಮ ಬರೆದಿದ್ದು? ಅದೂ ಹೋಯ್ತಾ?"

"ಎಲ್ಲಾ ಹೋಯ್ತು ಮಾವ."

"ಅವರಿಗೆ ಫೋನ್ ಮಾಡಿ ಹೇಳು, ಇವರೆಲ್ಲಾ ನಮ್ಮ ನೆರೆಯೋರು, ಸುಳ್ಳಲ್ಲ ಅಂತ."

"ಫೋನ್ ಮಾಡೋಕೆ ಅಲ್ಲಿ ಯಾರೂ ಇರಲ್ಲ ಮಾವ. ಅರ್ಜಿ ಹಾಕಿದೀನಿ. ಮೂರು ಸಲ ಹಾಕಿದೀನಿ."

ಉಸ್ತಾ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಮೊಣಕೈವರೆಗೂ ತಂದೂರಿನ ಸುಟ್ಟ ಗುರುತು. ಎದ್ದು ತಂದೂರಿನ ಕಡೆ ಹೋದರು.

ಮೂರನೇ ವಾರ ಅಪ್ಪ ಮಗನ ಜಗಳ ದಿನದ ಊಟದ ಹಾಗಾಯಿತು. ಉಸ್ತಾ ಕೊಬ್ಬನ್ನು ತಾವೇ ತೂಗತೊಡಗಿದರು, ಮಗ ನಾದಿದ ಹಿಟ್ಟಿಗೆ ಬೆರಳು ಚುಚ್ಚಿ ನೋಡತೊಡಗಿದರು. ಒಂದು ದಿನ ಹೆಸರುಕಾಳಿನ ಗಂಜಿ ಮುಂದಿಟ್ಟುಕೊಂಡು ಅಂದೇಬಿಟ್ಟರು.

"ನಾನು ಕಟ್ಟಿದ್ದನ್ನ ನಿನ್ನ ಕೈ ಕೆಡಿಸ್ತು."

ದಿಲ್ಮುರೋದ್ ಚಮಚ ಕೆಳಗಿಟ್ಟ. "ಹನ್ನೆರಡು ವರ್ಷದವನಿದ್ದಾಗಿಂದ ನಿಮ್ಮ ಪಕ್ಕ ನಿಂತಿದೀನಿ ಅಪ್ಪ. ಒಂದು ದಿನ ಚೆನ್ನಾಗಿದೆ ಅಂದಿಲ್ಲ. ಇವತ್ತು ಕೆಟ್ಟ ಮೇಲೆ ನನ್ನ ಕೈ ನೆನಪಾಯ್ತಾ?"

"ಉಣ್ಣೋ ಹೊತ್ತಲ್ಲಿ ಬಾಯ್ ಮುಚ್ರಿ ಇಬ್ರೂ!" ಎಂದು ಹಮ್ರೋ ಆಪಾ ಗದರಿದರು.

ಕುಮ್ರಿಗೆ ತಡೆಯಲಾಗಲಿಲ್ಲ. ಗಂಡನ ಹಿಂದೆ ಕಟ್ಟಿಗೆ ಕೊಟ್ಟಿಗೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಬಿಸಿ ರೊಟ್ಟಿ, ಪ್ಲಾಸ್ಟಿಕ್ ಹಾಳೆ, ಕಾರಿನ ಹಾರನ್. ಹೇಳುತ್ತಾ ಹೇಳುತ್ತಾ ಬಿಕ್ಕಿದಳು. ದಿಲ್ಮುರೋದ್ ಒಂದು ಕಟ್ಟಿಗೆ ತುಂಡು ಎತ್ತಿಕೊಂಡು ಅದರ ಸಿಪ್ಪೆ ಸುಲಿಯತೊಡಗಿದ.

"ಇಷ್ಟು ದಿನ ನನ್ನ ಬೈಸ್ಕೊಳ್ಳೋಕೆ ಬಿಟ್ಟೆಯಲ್ಲೇ."

"ತಪ್ಪಾಯ್ತು ರೀ. ಮಾವನ ಹತ್ರ ಹೋಗಿ ಈಗ್ಲೇ ಹೇಳ್ತೀನಿ."

"ಬೇಡ. ಹೇಳಿದ್ರೆ ಏನಾಗುತ್ತೆ? ನನ್ನ ಮೇಲಿರೋ ಕೋಪ ನಿನ್ನ ಮೇಲೆ ಬರುತ್ತೆ, ಅಮ್ಮ ನಿನ್ನ ತವರಿಗೆ ಕಳಿಸ್ತಾಳೆ. ಚುಕ್ಕಿ ವಾಪಸ್ ಬರುತ್ತಾ?" ಸಿಪ್ಪೆ ಸುಲಿದ ತುಂಡನ್ನು ರಾಶಿಗೆ ಎಸೆದ. "ಅದನ್ನ ತೆಗೀಬೇಕಾದವಳು ಆ ಮಾವ್ಲುದಾ ಒಬ್ಬಳೇ."

ಮರುದಿನ ಕುಮ್ರಿ ತವರಿಗೆಂದು ಹೇಳಿ, ಕೈಯಲ್ಲಿ ಕಲ್ಲುಸಕ್ಕರೆಯ ಪೊಟ್ಟಣ ಹಿಡಿದು ಮಾವ್ಲುದಾಳ ಮನೆಗೆ ಹೋದಳು. ರೊಟ್ಟಿ ಒಯ್ಯಲು ಧೈರ್ಯವಾಗಲಿಲ್ಲ. ಬಾಗಿಲು ತೆರೆದ ಹೆಂಗಸು ಅವಳು ಅಂದುಕೊಂಡಂತೆ ಗಯ್ಯಾಳಿಯಲ್ಲ. ಬಡಕಲು ಮೈ, ಕಣ್ಣ ಕೆಳಗೆ ಕಪ್ಪು, ಕೈಯಲ್ಲಿ ಅರ್ಧ ಹೊಲಿದ ದಿಂಬು. ಕುಮ್ರಿ ಹೊಸ್ತಿಲಲ್ಲೇ ನಿಂತು ತಪ್ಪೊಪ್ಪಿಕೊಂಡಳು. ಮಾವ್ಲುದಾ ಪೂರ್ತಿ ಕೇಳಿ, ಒಳಗೆ ಕರೆದು, ಚಹಾ ಕೊಟ್ಟಳು.

"ಹಬೆಗೆ ಬಿರೀತು ಅಂತೀಯ."

"ಹೌದು ಆಪಾ. ಅಪಶಕುನ ಅಲ್ಲ, ನನ್ನ ಅವಸರ ಅಷ್ಟೇ. ದಯವಿಟ್ಟು ಅದನ್ನ ತೆಗೆದುಬಿಡಿ. ನಮ್ಮತ್ತೆ ಬರೆಸಿದ ಮಾತಿಗೆ ನಿಮ್ಮ ಮಗಳ ಕಾಲಿಗೆ ಬೇಕಾದ್ರೂ ಬೀಳ್ತೀನಿ."

"ನಿನ್ನ ಮೇಲೆ ನಂಗೇನೂ ಕೋಪ ಇಲ್ಲಮ್ಮ." ಮಾವ್ಲುದಾ ದಿಂಬನ್ನು ತೊಡೆಯ ಮೇಲೆ ಸರಿಪಡಿಸಿಕೊಂಡಳು. "ಮೊದಲ ದಿನ ಬಂದಿದ್ರೆ ತೆಗೀತಿದ್ದೆ, ನಿಜ ಹೇಳ್ತೀನಿ. ಈಗ ಆಗಲ್ಲ."

"ಯಾಕೆ ಆಪಾ?"

"ನಿಮ್ಮತ್ತೆ 'ಮಗಳನ್ನೇ ಕೇಳಿಕೋ' ಅಂದ್ಲು. ಊರೆಲ್ಲಾ ಓದ್ತು. ಈಗ ಜನರ ಮುಂದೆ ಇರೋದು ಎರಡೇ ಮಾತು. ಒಂದೋ ರೊಟ್ಟಿ ಕೆಟ್ಟದು, ಇಲ್ಲಾ ನನ್ನ ಮಗಳು ಕೆಟ್ಟವಳು. ರೊಟ್ಟಿ ಸರಿ ಇತ್ತು ಅಂತ ನಾನೇ ಹೇಳಿದ್ರೆ ನನ್ನ ಹುಡುಗಿ ಗತಿ ಏನು? ಅವಳಿಗಿನ್ನೂ ಇಪ್ಪತ್ತೊಂದು."

ಒಳಕೋಣೆಯಲ್ಲಿ ಯಾರೋ ಹೊಲಿಗೆ ಯಂತ್ರ ತುಳಿಯುತ್ತಿದ್ದರು, ಈ ಮಾತು ನಡೆಯುವಷ್ಟು ಹೊತ್ತೂ ಅದು ಒಂದು ಸಲವೂ ನಿಲ್ಲಲಿಲ್ಲ.

"ನಿಮ್ಮನೇಲೂ ಹುಡುಗಿ ಇದಾಳಂತೆ" ಎಂದಳು ಮಾವ್ಲುದಾ, ಬಾಗಿಲವರೆಗೆ ಬಂದು. "ಅವಳಿಗೆ ಒಳ್ಳೇದಾಗ್ಲಿ. ನನ್ನ ಕ್ಷಮಿಸು."

ಮಾವ್ಲುದಾ ಕೆಟ್ಟವಳಾಗಿದ್ದಿದ್ದರೆ ಬೈದಾದರೂ ಬರಬಹುದಿತ್ತು. ಕುಮ್ರಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು.

ತಿಂಗಳು ತುಂಬುವ ಹೊತ್ತಿಗೆ ತಂದೂರು ಎರಡು ದಿನಕ್ಕೊಮ್ಮೆ ಉರಿಯುವಂತಾಯಿತು. ದಿಲ್ಮುರೋದ್ ಒಂದು ದಿನ "ಕಟ್ಟಡದ ಕೆಲಸ ಸಿಕ್ಕಿದೆ, ಇಟ್ಟಿಗೆ ಹೊರೋದು" ಎಂದು ಹೇಳಿ ಬೆಳಕು ಹರಿಯುವ ಮುಂಚೆಯೇ ಹೊರಡತೊಡಗಿದ. ಉಸ್ತಾ ತಡೆಯಲಿಲ್ಲ. ಅವನ ಅಂಗಿ ಒಗೆಯುವವಳು ಕುಮ್ರಿ, ಅವಳಿಗೆ ಇಟ್ಟಿಗೆ ಪುಡಿ ಯಾವುದು, ಗೋಧಿ ಹಿಟ್ಟು ಯಾವುದು ಗೊತ್ತಾಗದೇ ಇರುತ್ತದೆಯೇ? ಮೂರು ವಾರ ನೋಡಿ, ಕೊನೆಗೆ ಅಂಗಿಯ ತೋಳು ಹಿಡಿದು ಕೇಳಿದಳು.

"ಎಲ್ಲಿ ರೀ?"

ದಿಲ್ಮುರೋದ್ ಬಚ್ಚಲ ಕಡೆ ನೋಡಿ ದನಿ ತಗ್ಗಿಸಿದ. "ಬಸ್ ನಿಲ್ದಾಣದ ಹತ್ರ ಹೊಸದಾಗಿ ಆಗಿದೆಯಲ್ಲ, ಮುಬಾರಕ್ ರೊಟ್ಟಿ ಅಂಗಡಿ. ಅಲ್ಲಿ."

"ಅಯ್ಯೋ! ಮಾವನಿಗೆ ಗೊತ್ತಾದ್ರೆ?"

"ಗೊತ್ತಾಗ್ಬಾರ್ದು. ನಿಶ್ಚಿತಾರ್ಥದ ಪತೀರ್ ಎಲ್ಲಾ ನನ್ನ ಕೈಗೇ ಕೊಟ್ಟಿದಾರೆ. ನಾನು ಯಾರ ಮಗ ಅಂತ ಯಾರಿಗೂ ಹೇಳ್ಬೇಡ ಅಂತ ಮಾಲೀಕನೂ ಹೇಳಿದಾನೆ, ಅವನಿಗೂ ವ್ಯಾಪಾರದ ಭಯ." ನಕ್ಕ, ಆ ನಗು ಅವನದ್ದಲ್ಲ ಎನ್ನುವ ಹಾಗಿತ್ತು. "ನೋಡು ಬೇಕಾದ್ರೆ ಫೋನಲ್ಲಿ. ಮೂರು ವಾರದಲ್ಲಿ ತೊಂಬತ್ತು ಚುಕ್ಕಿ ಬಂದಿದೆ."

ಕುಮ್ರಿ ನೋಡಿದಳು. "ಇಂಥ ಪತೀರ್ ಕೋಕಂದಿನಲ್ಲಿ ಬೇರೆಲ್ಲೂ ಇಲ್ಲ." "ಈ ಕೈ ಬಹಳ ಶುಭದ ಕೈ." ಒಂದೊಂದನ್ನೂ ಎರಡೆರಡು ಸಲ ಓದಿದಳು. ಗಂಡನನ್ನು ಯಾರೋ ಹೊಗಳುವುದನ್ನು ಕದ್ದು ಓದಬೇಕಾಗಿ ಬಂದಿತ್ತು.

ಆ ವಾರವೇ ಸಬೋಹತ್ ಫೋನು ಮಾಡಿದರು. ಹಮ್ರೋ ಆಪಾ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು. ಶುಕ್ರವಾರ ದಿನ ಚೆನ್ನಾಗಿದೆ, ಚಿಕ್ಕದಾಗಿ ಮಾಡೋಣ, ಎರಡೂ ಕಡೆಯಿಂದ ಹತ್ತು ಹತ್ತು ಜನ ಎಂದರು. ಓಯ್ದಿನ್ ತಲೆವಸ್ತ್ರದ ತುದಿಯಲ್ಲಿ ಮುಖ ಮುಚ್ಚಿಕೊಂಡಳು. ಉಸ್ತಾ ಫೋನಿನ ಹತ್ತಿರ ಬಾಗಿದರು.

"ರೊಟ್ಟಿ ಗುರುವಾರ ಸಂಜೆಗೇ ನಿಮ್ಮನೆಗೆ ತಲುಪಿಸ್ತೀನಿ ಬೀಗಿತ್ತಿಯವರೇ. ಇಪ್ಪತ್ತು ಸಾಕಾ, ಮೂವತ್ತು ಬೇಕಾ?"

ಸಬೋಹತ್ ಬಹಳ ನಯವಾಗಿ ಮಾತಾಡಿದರು. "ನೀವ್ಯಾಕೆ ತೊಂದರೆ ತಗೋತೀರಿ ಉಸ್ತಾ? ಹೆಣ್ಣಿನ ತಂದೆ ನೀವು, ಆ ದಿನ ಕೂತು ದುವಾ ಮಾಡಿ, ಸಾಕು. ರೊಟ್ಟಿ ನಾವೇ ತರ್ತೀವಿ. ಆಗ್ಲೇ ಹೇಳಿ ಆಗಿದೆ."

"ಎಲ್ಲಿ ಹೇಳಿದ್ರಿ?"

"ಮುಬಾರಕ್‌ನಲ್ಲಿ. ತಪ್ಪು ತಿಳ್ಕೋಬೇಡಿ. ನಂಗೇನೂ ನಂಬಿಕೆ ಇಲ್ಲ ಇಂಥದ್ದರಲ್ಲೆಲ್ಲ. ನಮ್ಮತ್ತೆ ಮುದುಕಿ, ಹಟ ಹಿಡಿದು ಕೂತಿದಾಳೆ. ನಿಮ್ಮ ಅಂಗಡಿ ರೊಟ್ಟಿ ಆದ್ರೆ ಬರಲ್ಲ ಅಂತಾಳೆ."

ಫೋನು ಇಟ್ಟ ಮೇಲೆ ಹಮ್ರೋ ಆಪಾ ಸಿಡಿದರು. "ಏನು ಸೊಕ್ಕು! ಹೇಳಿಬಿಡಿ ರೀ, ನಮ್ಮ ರೊಟ್ಟಿ ಇಲ್ದಿದ್ರೆ ನಮ್ಮ ಹುಡುಗಿನೂ ಇಲ್ಲ ಅಂತ!"

ಓಯ್ದಿನ್ ಎದ್ದು ನಿಂತಳು. ಅಷ್ಟು ಮೆತ್ತಗಿನ ಹುಡುಗಿ ದನಿ ಏರಿಸಿದಳು. "ಅಮ್ಮ, ನೀನೊಂದು ಮಾತು ಆಡಿದ್ದು ಸಾಕಾಗಿಲ್ವಾ? ನಂಗೂ ಆ ಹುಡುಗಿ ಗತಿನೇ ಆಗ್ಬೇಕಾ?"

ಹಮ್ರೋ ಆಪಾ ಬಾಯಿ ತೆರೆದವರು ಹಾಗೇ ಮುಚ್ಚಿದರು. ಇಪ್ಪತ್ತು ವರ್ಷ ಸಂತೆಯಲ್ಲಿ ಯಾರಿಂದಲೂ ಮುಚ್ಚಿಸಲಾಗದ ಬಾಯಿ.

"ತರ್ಲಿ ಬಿಡೇ" ಅಂದರು ಉಸ್ತಾ. "ಮಗು ಸುಖವಾಗಿರ್ಲಿ. ತರ್ಲಿ."

ಶುಕ್ರವಾರ ಅಂಗಳ ಗುಡಿಸಿ, ಕೋಣೆಗೆ ಹೊಸ ಹಾಸು ಹಾಕಿ, ಕುಮ್ರಿ ಒಣದ್ರಾಕ್ಷಿ, ಬಾದಾಮಿ, ಹಲ್ವಾಗಳ ತಟ್ಟೆ ಜೋಡಿಸಿದಳು. ರೊಟ್ಟಿಯ ಜಾಗ ಖಾಲಿ ಬಿಟ್ಟಳು. ರೊಟ್ಟಿಯವರ ಮನೆಯಲ್ಲಿ ಆ ಜಾಗ ಖಾಲಿ ಇದ್ದದ್ದನ್ನು ಅವಳು ಕಂಡದ್ದು ಅದೇ ಮೊದಲು. ದಿಲ್ಮುರೋದ್ ಹನ್ನೊಂದಕ್ಕೆ ಬಂದ. ಕೈಕಾಲು ತೊಳೆಯುತ್ತಾ, ನೀರು ಹೊಯ್ಯುತ್ತಿದ್ದ ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದ.

"ಸಬೋಹತ್ ಮನೆಯ ಇಪ್ಪತ್ತು ರೊಟ್ಟಿ ನಾನೇ ಸುಟ್ಟೆ. ಒಂದೊಂದನ್ನೂ ಆರಲು ಬಿಟ್ಟು, ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ನಮ್ಮ ಓಯ್ದಿನ್‌ಗೆ ಅಂತ."

ಕುಮ್ರಿ ಚೊಂಬಿನಲ್ಲಿ ಉಳಿದ ನೀರನ್ನೂ ಅವನ ಕೈಗೆ ಹೊಯ್ದಳು.

ಬೀಗರು ಬಂದರು. ಗಂಡಸರು ಒಂದು ಪಕ್ಕ, ಹೆಂಗಸರು ಒಂದು ಪಕ್ಕ ಕೂತರು. ಸಬೋಹತ್‌ರ ಅತ್ತೆ, ಎಂಬತ್ತರ ಮುದುಕಿ, ಬುಟ್ಟಿಯ ಮೇಲಿನ ಬಟ್ಟೆ ಸರಿಸಿ, ಇಪ್ಪತ್ತೂ ಇಡಿಯಾಗಿವೆಯೇ ಎಂದು ಒಂದೊಂದಾಗಿ ಮುಟ್ಟಿ ನೋಡಿ, "ದೇವರ ದಯೆ" ಅಂದಳು. ಎಲ್ಲರಿಗೂ ಉಸಿರು ಬಂತು. ಎರಡು ರೊಟ್ಟಿ ಜೋಡಿಸಿ ಉಸ್ತಾರ ಕೈಗೆ ಕೊಟ್ಟರು. ಹೆಣ್ಣಿನ ತಂದೆಯೇ ಮುರಿಯಲಿ ಎಂದು ಹುಡುಗನ ಅಜ್ಜ ಗೌರವ ಬಿಟ್ಟುಕೊಟ್ಟರು.

ಉಸ್ತಾ ರೊಟ್ಟಿ ಹಿಡಿದವರು ತಕ್ಷಣ ಮುರಿಯಲಿಲ್ಲ. ಹೆಬ್ಬೆರಳನ್ನು ಅಂಚಿನ ಸುತ್ತ ಮೆಲ್ಲಗೆ ಓಡಿಸಿದರು. ಒಂದು ಕಡೆ ದಪ್ಪ, ಎಡಗೈ ಒತ್ತಿದಲ್ಲಿ ತುಸು ತೆಳು. ಇಪ್ಪತ್ತು ವರ್ಷ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ ಕೈ. ಅದನ್ನು ತಂದೆಗೆ ಬೇರೆ ಯಾರಾದರೂ ಹೇಳಬೇಕೇ? ತಲೆ ಎತ್ತಿ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಮಗನನ್ನು ನೋಡಿದರು. ದಿಲ್ಮುರೋದ್ ಕಣ್ಣು ಕೆಳಗೆ ಹಾಕಿದ. ಇದು ಮಗ ಸುಟ್ಟದ್ದೆಂದು ಉಸ್ತಾ ಈಗ ಬಾಯಿಬಿಟ್ಟರೆ ಬುಟ್ಟಿ ಎತ್ತಿಕೊಂಡು ಗಂಡಿನ ಕಡೆಯ ಹತ್ತು ಜನವೂ ಎದ್ದು ಹೋಗುತ್ತಾರೆ.

"ಯಾಕೆ ಉಸ್ತಾ, ರೊಟ್ಟಿ ಸರಿ ಇಲ್ವಾ?" ಎಂದರು ಸಬೋಹತ್, ಅರ್ಧ ತಮಾಷೆಗೆ, ಅರ್ಧ ಭಯಕ್ಕೆ.

"ಚೆನ್ನಾಗಿದೆ" ಅಂದರು ಉಸ್ತಾ. ದನಿ ಒರಟಾಗಿತ್ತು. "ಬಹಳ ಚೆನ್ನಾಗಿದೆ. ನಾನು ಸುಟ್ಟಿದ್ರೂ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ."

ಬಿಸ್ಮಿಲ್ಲಾ ಹೇಳಿ ಮುರಿದರು. ರೊಟ್ಟಿ ಪದರ ಪದರವಾಗಿ ಬಿಚ್ಚಿಕೊಂಡಿತು, ಒಂದು ಚೂರೂ ಉದುರಲಿಲ್ಲ. ಹೆಂಗಸರು ಓಯ್ದಿನ್ ತಲೆಗೆ ಬಿಳಿ ವಸ್ತ್ರ ಹೊದಿಸಿದರು. ತುಂಡುಗಳು ಕೈಯಿಂದ ಕೈಗೆ ಹೋದವು.

"ಅಬ್ಬಾ, ಬಾಯಲ್ಲಿ ಕರಗುತ್ತೆ!" ಎಂದಳು ಮುದುಕಿ, ಒಸಡಿನಲ್ಲೇ ಅಗಿಯುತ್ತಾ. "ಹೇಳಿದ್ನಲ್ಲ ನಾನು? ಶುಭದ ಕೈಯೇ ಬೇರೆ, ದರಿದ್ರದ ಕೈಯೇ ಬೇರೆ."

ಹಮ್ರೋ ಆಪಾ ಗೋಡೆ ನೋಡುತ್ತಾ ಕೂತಿದ್ದರು. ದಿಲ್ಮುರೋದ್ ಮುದುಕಿಯ ಬಟ್ಟಲಿಗೆ ಚಹಾ ಬಗ್ಗಿಸಿದ.

ಸಬೋಹತ್ ಸಂತೋಷದಲ್ಲಿ ಕುಮ್ರಿಯ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದರು. "ನೀನು ಫೋನಲ್ಲಿ ಜಾಣೆಯಂತೆ ಅಲ್ವಾ? ಆ ಅಂಗಡಿಯವನು ಒಂದು ಒಳ್ಳೇ ಮಾತು ಬರೀರಿ ಅಂತ ಕೇಳ್ಕೊಂಡಿದಾನೆ. ನಂಗೆ ಬರಲ್ಲ. ನನ್ನ ಫೋನಿಂದ್ಲೇ ಬರೆದುಕೊಡು. ಪಟನೂ ಹಾಕು, ಮುರಿದ ರೊಟ್ಟಿದು."

ಕುಮ್ರಿ ಮಾವನ ಕಡೆ ನೋಡಿದಳು. ಉಸ್ತಾ ತಮ್ಮ ಪಾಲಿನ ತುಂಡನ್ನು ಇನ್ನೂ ಬಾಯಿಗೆ ಹಾಕದೆ ಅಂಗೈಯಲ್ಲೇ ಇಟ್ಟುಕೊಂಡಿದ್ದರು.

"ಬರಿಯಮ್ಮ" ಅಂದರು.

ಅವಳು ಐದೂ ಚುಕ್ಕಿ ಒತ್ತಿ, ಪಟ ಹಾಕಿ, ಬರೆದಳು: "ಮುಬಾರಕ್ ಅಂಗಡಿಯ ರೊಟ್ಟಿಯಿಂದ ನಮ್ಮ ಮನೆಯ ಕಾರ್ಯ ಚೆನ್ನಾಗಿ ನಡೆಯಿತು. ಈ ರೊಟ್ಟಿ ಸುಟ್ಟ ಕೈಗೆ ದೇವರು ಬರಕತ್ತು ಕೊಡಲಿ." ಸಬೋಹತ್ ಕನ್ನಡಕ ಏರಿಸಿ ಒಮ್ಮೆ ಓದಿ, ಅಂಗಡಿಯ ಹೆಸರು ಸರಿಯಾಗಿದೆಯೇ ಎಂದು ಇನ್ನೊಮ್ಮೆ ನೋಡಿ, ತಾವೇ ಒತ್ತಿ ಕಳಿಸಿದರು.